ಕೇಬಲ್ ಬಿಗಿಯುವ ಮುನ್ನ

ತೊಲೆಯೊಂದನ್ನು ಕಂಪ್ಯೂಟರಿಗೆ ತಿಳಿಸಲು ಹೆಚ್ಚೇನೂ ಬೇಕಿಲ್ಲ. ಎಲ್ಲಿಂದ ಎಲ್ಲಿಗೆ, ಯಾವ ಸೆಕ್ಷನ್, ಯಾವ ಉಕ್ಕು ಎಂದರೆ ಸಾಕು. ಹೊರೆ ಬೀಳುವ ಮುಂಚೆಯೇ ತೊಲೆಗೆ ತನ್ನದೊಂದು ಆಕಾರವಿರುತ್ತದೆ. ಹೊರೆ ಬಿದ್ದ ಮೇಲೆ ಬಾಗಿದರೂ ಅದು ಮಿಲಿಮೀಟರುಗಳ ಮಾತು. ಆದ್ದರಿಂದ ಹಳೆಯ ಆಕಾರವನ್ನೇ ನೆಚ್ಚಿಕೊಂಡು ಲೆಕ್ಕ ಮುಗಿಸಬಹುದು. ಕೇಬಲ್‌ನ ವಿಷಯ ಹಾಗಲ್ಲ. ಹೊರೆಯಿಲ್ಲದ, ಬಿಗಿಯದ ಕೇಬಲ್‌ಗೆ ಆಕಾರವೇ ಇಲ್ಲ. ಅದು ನೆಲದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಎಷ್ಟು ಉದ್ದಕ್ಕೆ ಕತ್ತರಿಸಿದ್ದೀರಿ, ಎಷ್ಟು ಬಿಗಿದಿದ್ದೀರಿ, ಅದರ ಮೇಲೆ ಏನು ತೂಗುತ್ತಿದೆ ಎಂಬುದೆಲ್ಲ ಗೊತ್ತಾದ ಮೇಲೆಯೇ ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳಬಹುದು. ತೊಲೆಯಲ್ಲಿ ಪ್ರಶ್ನೆಯೊಳಗೆ ಸೇರಿದ್ದ ಆಕಾರ ಕೇಬಲ್‌ನಲ್ಲಿ ಉತ್ತರದ ಕಡೆಗೆ ದಾಟಿಬಿಡುತ್ತದೆ.

ಸ್ಟಾಡ್, ಸ್ಯಾಪ್ 2000, ಮೈಡಾಸ್, ಸೋಫಿಸ್ಟಿಕ್, ಆರ್‌ಫೆಮ್: ಯಾವ ಸಾಫ್ಟ್‌ವೇರ್ ಕೇಬಲ್‌ಗೆ ಒಳ್ಳೆಯದು ಎಂಬ ಚರ್ಚೆ ಡಿಸೈನ್ ಆಫೀಸುಗಳಲ್ಲಿ ಮುಗಿಯುವುದೇ ಇಲ್ಲ. ನನ್ನ ಮಟ್ಟಿಗೆ ಆ ಚರ್ಚೆ ಅಷ್ಟು ಮುಖ್ಯವಲ್ಲ. ಒಂದೇ ಉದ್ದ, ಒಂದೇ ಹೊರೆ, ಒಂದೇ ಉಕ್ಕು ಕೊಟ್ಟು ನಾನ್‌ಲೀನಿಯರ್ ಲೆಕ್ಕ ಕೇಳಿದರೆ ಇವೆಲ್ಲವೂ ಹೆಚ್ಚುಕಡಿಮೆ ಒಂದೇ ಉತ್ತರಕ್ಕೆ ಬರುತ್ತವೆ. ಉತ್ತರ ಕೆಡುವುದು ಅದಕ್ಕೂ ಮೊದಲು, ಕೇಬಲ್‌ನ ಆರಂಭಿಕ ಸ್ಥಿತಿಯನ್ನು ನಾವು ತಿಳಿಸುವ ಹಂತದಲ್ಲಿ.

ಗಣಿತ ಹಳೆಯದು. ತೂಗುಬಿಟ್ಟ ಸರಪಳಿ ಪರವಲಯವನ್ನು ಹೋಲುತ್ತದೆ ಎಂದು ಗೆಲಿಲಿಯೊ 1638ರಲ್ಲಿ ಬರೆದ. ಅದು ನಿಜವಾದ ಪರವಲಯವಲ್ಲ ಎಂದು ಯುಂಗಿಯುಸ್ ತೋರಿಸಿದ. ಸರಿಯಾದ ವಕ್ರರೇಖೆಯನ್ನು 1691ರಲ್ಲಿ ಲೈಬ್‌ನಿಟ್ಸ್, ಹೈಗೆನ್ಸ್ ಮತ್ತು ಯೋಹಾನ್ ಬರ್ನೂಲಿ ಬೇರೆಬೇರೆಯಾಗಿ ಬಿಡಿಸಿದರು. ಅದೇ ಕ್ಯಾಟಿನರಿ. ತನ್ನ ಉದ್ದಕ್ಕೂ ಸಮನಾಗಿ ಹಂಚಿದ ಸ್ವಂತ ಭಾರ ಹೊತ್ತ ಕೇಬಲ್ ಕ್ಯಾಟಿನರಿಯಾಗುತ್ತದೆ. ಸೇತುವೆಯ ಡೆಕ್ಕಿನಂತೆ ಅಡ್ಡಗಲದಲ್ಲಿ ಸಮನಾಗಿ ಹಂಚಿದ ಭಾರ ಹೊತ್ತದ್ದು ಪರವಲಯವಾಗುತ್ತದೆ. ಜೋಲು ಸಣ್ಣದಿದ್ದರೆ ಎರಡರ ವ್ಯತ್ಯಾಸ ಕಣ್ಣಿಗೂ ಲೆಕ್ಕಕ್ಕೂ ಹತ್ತುವುದಿಲ್ಲ. ಪರವಲಯದ ಸೂತ್ರವಂತೂ ಬೆರಳ ತುದಿಯಲ್ಲಿರಬೇಕಾದದ್ದು: ಮೀಟರಿನ ಮೇಲಿನ ಭಾರವನ್ನು ಅಗಲದ ವರ್ಗದಿಂದ ಗುಣಿಸಿ, ಜೋಲಿನ ಎಂಟು ಪಟ್ಟಿನಿಂದ ಭಾಗಿಸಿದರೆ ಅಡ್ಡ ಎಳೆತ ಸಿಗುತ್ತದೆ. 100 ಮೀಟರ್ ಅಗಲ, 10 ಮೀಟರ್ ಜೋಲು, ಮೀಟರಿಗೆ 10 ಕಿಲೋನ್ಯೂಟನ್ ಭಾರ ಇದ್ದರೆ ಎಳೆತ 1,250 ಕಿಲೋನ್ಯೂಟನ್. ಜೋಲನ್ನು 5 ಮೀಟರಿಗೆ ಇಳಿಸಿದರೆ ಅದು 2,500. ಸಾಫ್ಟ್‌ವೇರ್ ಕೊಟ್ಟ ಅಂಕಿ ಇದಕ್ಕೆ ಹತ್ತಿರವಿಲ್ಲದಿದ್ದರೆ ಮಾಡೆಲ್ ತಪ್ಪಿದೆ ಎಂದೇ ತಿಳಿಯಬೇಕು. ಈ ಪರೀಕ್ಷೆಗೆ ಕ್ಯಾಲ್ಕುಲೇಟರ್ ಸಹ ಬೇಡ.

ತೊಂದರೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಒಂದು ಪುಟ್ಟ ಲೆಕ್ಕ ತೋರಿಸುತ್ತದೆ. 20 ಮೀಟರ್ ದೂರದ ಎರಡು ಕಂಬಗಳ ನಡುವೆ 100 ಚದರ ಮಿಲಿಮೀಟರ್ ಉಕ್ಕಿರುವ ಹಗ್ಗವನ್ನು ಜೋಲಿಲ್ಲದೆ, ಆದರೆ ಬಿಗಿಯದೆ, ನೆಟ್ಟಗೆ ಕಟ್ಟಿದ್ದೇವೆ ಎನ್ನೋಣ. ನಡುವೆ ಒಂದು ನೋಡ್ ಇಟ್ಟು ಕೆಳಮುಖವಾಗಿ ಹೊರೆ ಹಾಕಿ. ಲೀನಿಯರ್ ಲೆಕ್ಕಕ್ಕೆ ಇದು ನಿಲ್ಲಲಾರದ ರಚನೆ. ನೆಟ್ಟಗಿರುವ ಎರಡು ಸರಳುಗಳಿಗೆ ಲಂಬ ದಿಕ್ಕಿನಲ್ಲಿ ಸ್ಟಿಫ್‌ನೆಸ್ ಸೊನ್ನೆ, ಹಾಗಾಗಿ ಪರದೆಯ ಮೇಲೆ ಅಸ್ಥಿರತೆಯ ಎಚ್ಚರಿಕೆ ಬರುತ್ತದೆ. ನಿಜದ ಹಗ್ಗ ಮಾತ್ರ ಸ್ವಲ್ಪ ಇಳಿದು, ಹಿಗ್ಗಿ, ಓರೆಯಾಗಿ ಹೊರೆಯನ್ನು ಹಿಡಿದುಕೊಳ್ಳುತ್ತದೆ. ಹಗ್ಗದ ಮಾಡ್ಯುಲಸ್ ಅನ್ನು 100 ಗಿಗಾಪ್ಯಾಸ್ಕಲ್ ಎಂದಿಟ್ಟುಕೊಂಡರೆ 1.25 ಕಿಲೋನ್ಯೂಟನ್ ಹೊರೆಗೆ, ಅಂದರೆ ಇಬ್ಬರು ದೊಡ್ಡವರ ತೂಕಕ್ಕೆ, ಅದು ಅರ್ಧ ಮೀಟರ್ ಇಳಿಯುತ್ತದೆ. ಎಳೆತ 12.5 ಕಿಲೋನ್ಯೂಟನ್. ಹೊರೆಯನ್ನು ಎಂಟು ಪಟ್ಟು ಹೆಚ್ಚಿಸಿ 10 ಕಿಲೋನ್ಯೂಟನ್ ಮಾಡಿದರೆ ಇಳಿತ ಎರಡು ಪಟ್ಟು ಮಾತ್ರ, ಒಂದು ಮೀಟರ್. ಎಳೆತ ನಾಲ್ಕು ಪಟ್ಟು, 50 ಕಿಲೋನ್ಯೂಟನ್. ಹೊರೆ ಎಂಟು, ಎಳೆತ ನಾಲ್ಕು, ಇಳಿತ ಎರಡು. ಇಬ್ಬರಿಗೆ ಇಷ್ಟಾದರೆ ಹದಿನಾರು ಮಂದಿಗೆ ಎಷ್ಟು ಎಂಬ ತ್ರೈರಾಶಿ ಇಲ್ಲಿ ನಡೆಯುವುದಿಲ್ಲ.

ಇದರಿಂದ ಮಾಮೂಲಿ ಕಟ್ಟಡದ ಲೆಕ್ಕದಲ್ಲಿ ಕೈಗೆ ಅಂಟಿಹೋದ ಒಂದು ಅಭ್ಯಾಸ ಕೆಲಸಕ್ಕೆ ಬಾರದಾಗುತ್ತದೆ. ಸ್ವಂತ ಭಾರ ಒಂದು ಲೋಡ್ ಕೇಸ್, ಜನರ ಭಾರ ಇನ್ನೊಂದು, ಗಾಳಿ ಮತ್ತೊಂದು. ಆಮೇಲೆ ಗುಣಕಗಳಿಂದ ಗುಣಿಸಿ ಕೂಡಿದರೆ ಕಾಂಬಿನೇಷನ್ ಸಿದ್ಧ. ಕೇಬಲ್ ಇರುವ ಮಾಡೆಲ್‌ನಲ್ಲಿ ಹೀಗೆ ಕೂಡಿ ಪಡೆದ ಎಳೆತಕ್ಕೆ ಅರ್ಥವಿಲ್ಲ. ಮೊದಲೇ ಕೂಡಿದ ಹೊರೆಯನ್ನು ಒಂದೇ ನಾನ್‌ಲೀನಿಯರ್ ಕೇಸಾಗಿ ಓಡಿಸಬೇಕು. ಕೂಡಿದ ಕೋಷ್ಟಕಗಳನ್ನು ಕೆಲವು ಸಾಫ್ಟ್‌ವೇರ್‌ಗಳು ಯಾವ ಎಚ್ಚರಿಕೆಯೂ ಇಲ್ಲದೆ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತವೆ. ನೋಡಲು ಬಲು ಚೆಂದ! ಒಂದು ಅಡ್ಡದಾರಿ ಮಾತ್ರ ನ್ಯಾಯವಾದದ್ದು. ಸ್ವಂತ ಭಾರ ಮತ್ತು ಬಿಗಿತವನ್ನು ನಾನ್‌ಲೀನಿಯರ್ ಆಗಿ ಮುಗಿಸಿ, ಆ ಕೊನೆಯ ಸ್ಥಿತಿಯ ಸ್ಟಿಫ್‌ನೆಸ್ ಹಿಡಿದುಕೊಂಡು ಮುಂದಿನ ಸಣ್ಣ ಹೊರೆಗಳನ್ನು ಲೀನಿಯರ್ ಆಗಿ ನೋಡುವುದು. ಚಲಿಸುವ ವಾಹನಗಳಿಗೆ, ಕಂಪನದ ಲೆಕ್ಕಕ್ಕೆ ದೊಡ್ಡ ಸೇತುವೆಗಳಲ್ಲಿ ಹೀಗೆಯೇ ಮಾಡುತ್ತಾರೆ. ಸ್ವಂತ ಭಾರದ ಎದುರು ಹೊಸ ಹೊರೆ ಸಣ್ಣದಿರಬೇಕು ಎಂಬುದೇ ಅದರ ಷರತ್ತು. ಹಗುರವಾದ ಕಾಲುಸೇತುವೆಗೆ ಈ ಷರತ್ತು ಒಗ್ಗುವುದಿಲ್ಲ.

ನಾನ್‌ಲೀನಿಯರ್ ಎಂಬುದು ಕಂಪ್ಯೂಟರ್ ಕಾಲದ ಕೂಸೇನೂ ಅಲ್ಲ. ತೂಗುಸೇತುವೆಗೆ ಹತ್ತೊಂಬತ್ತನೇ ಶತಮಾನದಲ್ಲಿ ಬಳಕೆಯಲ್ಲಿದ್ದದ್ದು, ಕೇಬಲ್ ಸ್ಥಾನ ಬದಲಿಸುವುದಿಲ್ಲ ಎಂದು ಭಾವಿಸಿಕೊಂಡ ಲೆಕ್ಕ. 1888ರಲ್ಲಿ ಯೋಸೆಫ್ ಮೆಲಾನ್ ಇಳಿತವನ್ನೂ ಸೇರಿಸಿ ಸಮೀಕರಣ ಬರೆದ. ಭಾರವಾದ ಸೇತುವೆಯ ಕೇಬಲ್‌ನಲ್ಲಿ ಈಗಾಗಲೇ ಇರುವ ಎಳೆತವೇ ಹೊಸ ಹೊರೆಯನ್ನು ತಡೆಯುತ್ತದೆ, ಡೆಕ್ಕಿನ ಗರ್ಡರಿಗೆ ಬೀಳುವ ಪಾಲು ಕಡಿಮೆ ಎಂದು ಅದು ತೋರಿಸಿತು. ಲಿಯೊನ್ ಮೊಯಿಸೆಯಿಫ್ ಇದನ್ನು 1909ರಲ್ಲಿ ತೆರೆದ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಸೇತುವೆಗೆ ಬಳಸಿದ. ಅಲ್ಲಿಂದ ಗರ್ಡರುಗಳು ತೆಳ್ಳಗಾಗುತ್ತ ಹೋದವು. 1940ರ ಟಕೋಮಾ ನ್ಯಾರೋಸ್ ಸೇತುವೆಯ ನಡುವಿನ ಸ್ಪ್ಯಾನ್ 853 ಮೀಟರ್, ಗರ್ಡರಿನ ಎತ್ತರ ಬರಿಯ 2.4 ಮೀಟರ್. ವಿನ್ಯಾಸದ ಹಿಂದಿದ್ದವನು ಅದೇ ಮೊಯಿಸೆಯಿಫ್. ಜುಲೈ 1ರಂದು ತೆರೆದ ಸೇತುವೆ ನವೆಂಬರ್ 7ರಂದು ಗಾಳಿಗೆ ತಿರುಚಿ ಬಿತ್ತು. ಮೆಲಾನನ ಸಮೀಕರಣದಲ್ಲಿ ತಪ್ಪೇನೂ ಇರಲಿಲ್ಲ. ನಿಶ್ಚಲ ಹೊರೆಯ ಬಗ್ಗೆ ಕೇಳಿದ್ದಕ್ಕೆ ಅದು ಸರಿಯಾಗಿಯೇ ಉತ್ತರಿಸಿತ್ತು. ಬೀಸುವ ಗಾಳಿಗೂ ಕುಣಿಯುವ ಡೆಕ್ಕಿಗೂ ಇರುವ ಕೊಡುಕೊಳ್ಳುವಿಕೆಯನ್ನು ಯಾರೂ ಕೇಳಿರಲಿಲ್ಲ. ಇಂದು ನಾನ್‌ಲೀನಿಯರ್ ಗುಂಡಿ ಒತ್ತಿದ್ದೇವೆ, ಇನ್ನೇನು ಭಯ ಎನ್ನುವವರು ಈ ಕಥೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಈಗ ಸಾಫ್ಟ್‌ವೇರ್ ಒಳಗೆ ಬರೋಣ. ಕೇಬಲನ್ನು ಅಲ್ಲಿ ನಾಲ್ಕು ಬಗೆಯಲ್ಲಿ ಬರೆಯುವ ರೂಢಿಯಿದೆ.

ಎಲ್ಲಕ್ಕಿಂತ ಸರಳವಾದದ್ದು ಎಳೆತಕ್ಕೆ ಮಾತ್ರ ಕೆಲಸ ಮಾಡುವ ಮೆಂಬರ್. ಒತ್ತಿದರೆ ಅದು ಲೆಕ್ಕದಿಂದ ಹೊರಹೋಗುತ್ತದೆ. ಗೋದಾಮಿನ ಶೆಡ್ಡಿನಲ್ಲಿ ಅಡ್ಡಡ್ಡ ಕಟ್ಟುವ ಬ್ರೇಸಿಂಗ್ ಸರಳುಗಳಿಗೆ ಇದು ಧಾರಾಳ ಸಾಕು, ಅಲ್ಲಿ ಕ್ಯಾಟಿನರಿ ಎಳೆದು ತರುವುದು ಆಡಂಬರ. ಆದರೆ ಇದಕ್ಕೆ ಜೋಲು ಗೊತ್ತಿಲ್ಲ, ಸ್ವಂತ ಭಾರದಿಂದ ಬರುವ ಸಡಿಲ ಗೊತ್ತಿಲ್ಲ.

ಎರಡನೆಯದು ಕೇಬಲನ್ನು ನೆಟ್ಟಗಿನ ಸರಳೆಂದೇ ಇಟ್ಟುಕೊಂಡು ಅದರ ಮಾಡ್ಯುಲಸ್ ತಗ್ಗಿಸುವುದು. 1965ರಲ್ಲಿ ಎರ್ನ್ಸ್ಟ್ ಎಂಬ ಜರ್ಮನ್ ಎಂಜಿನಿಯರ್ ಪ್ರಕಟಿಸಿದ ಈ ಸೂತ್ರ ಕೇಬಲ್-ಸ್ಟೇ ಸೇತುವೆಗಳ ಕಾಲವನ್ನೇ ಸಲಹಿತು. ಜೋಲುಬಿದ್ದ ಕೇಬಲನ್ನು ಎಳೆದಾಗ ಒಂದಿಷ್ಟು ಹಿಗ್ಗುವುದು ಉಕ್ಕಿನಿಂದ, ಇನ್ನೊಂದಿಷ್ಟು ಜೋಲು ನೇರವಾಗುವುದರಿಂದ. ಎರಡನ್ನೂ ಕೂಡಿಸಿ ಒಂದು ಮೆತ್ತಗಿನ ಉಕ್ಕು ಎಂದು ಭಾವಿಸಿದರಾಯಿತು. ಅಡ್ಡ ದೂರ 200 ಮೀಟರ್ ಇರುವ ಸ್ಟೇ ಕೇಬಲ್‌ನಲ್ಲಿ 500 ಮೆಗಾಪ್ಯಾಸ್ಕಲ್ ಎಳೆತವಿದ್ದರೆ ಮಾಡ್ಯುಲಸ್ ಕುಗ್ಗುವುದು ಶೇ. 3ರಷ್ಟು, ಮರೆತರೂ ನಡೆಯುತ್ತದೆ. ಅದೇ ಕೇಬಲನ್ನು 200 ಮೆಗಾಪ್ಯಾಸ್ಕಲ್‌ಗೆ ಸಡಿಲಿಸಿದರೆ ಮೂರರಲ್ಲಿ ಒಂದು ಪಾಲು ಕಾಣೆಯಾಗುತ್ತದೆ. ಸೂತ್ರದಲ್ಲಿ ಎಳೆತದ ಘನ ಇರುವುದರಿಂದ ಹೀಗೆ. ಎಳೆತ ಮೊದಲೇ ಗೊತ್ತಿರಬೇಕು ಎಂಬ ಹಳೆಯ ತೊಡಕು ಇಲ್ಲೂ ಹಿಂಬಾಲಿಸಿತು ನೋಡಿ. ಸ್ಟಾಡ್‌ನ ಲೀನಿಯರ್ ಲೆಕ್ಕದಲ್ಲಿ ಕೇಬಲ್ ಮೆಂಬರನ್ನು ನಡೆಸಿಕೊಳ್ಳುವುದು ಈ ಬಗೆಯಲ್ಲಿಯೇ: ನೀವು ಕೊಟ್ಟ ಆರಂಭಿಕ ಎಳೆತಕ್ಕೆ ತಕ್ಕಂತೆ ತಗ್ಗಿಸಿದ ಸ್ಟಿಫ್‌ನೆಸ್. ನಿಜವಾದ ಕೇಬಲ್ ಲೆಕ್ಕಕ್ಕೆ ಅದರಲ್ಲಿ ಬೇರೆಯೇ ಆಜ್ಞೆಯಿದೆ. ಮೈಡಾಸ್ ಕೂಡ ಲೀನಿಯರ್ ಲೆಕ್ಕದಲ್ಲಿ ಕೇಬಲನ್ನು ಸಮಾನ ಟ್ರಸ್ ಮಾಡಿ, ನಾನ್‌ಲೀನಿಯರ್ ಕೇಳಿದಾಗ ಮಾತ್ರ ಕ್ಯಾಟಿನರಿಗೆ ತಿರುಗಿಸಿಕೊಳ್ಳುತ್ತದೆ. ತಾನು ಬರೆದದ್ದು ಕೇಬಲ್, ಓಡಿದ್ದೂ ಕೇಬಲ್ ಎಂದು ನಂಬಿದ ಎಂಜಿನಿಯರ್ ಇಲ್ಲಿ ಎಡವುವುದುಂಟು.

ಮೂರನೆಯದು ಕ್ಯಾಟಿನರಿ ಎಲಿಮೆಂಟ್. ಒಂದೇ ತುಂಡಿನಲ್ಲಿ ಇಡೀ ವಕ್ರರೇಖೆಯ ಸೂತ್ರವೇ ಅಡಗಿರುತ್ತದೆ. ಸ್ಯಾಪ್ 2000ರಲ್ಲಿ ಕೇಬಲ್ ಎಳೆಯಲು ಹೋದರೆ ಅದು ಕೇಳುವ ಪ್ರಶ್ನೆಗಳೇ ಒಂದು ಪಾಠ: ಹಿಗ್ಗದ ಉದ್ದ ಎಷ್ಟು, ಅಥವಾ ತುದಿಯ ಎಳೆತ ಎಷ್ಟು, ಅಥವಾ ಅಡ್ಡ ಎಳೆತ ಎಷ್ಟು, ಅಥವಾ ಗರಿಷ್ಠ ಜೋಲು ಎಷ್ಟು? ಒಂದನ್ನು ಹೇಳಿದರೆ ಉಳಿದದ್ದನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಅದು ಕೊನೆಗೆ ನೆನಪಿಟ್ಟುಕೊಳ್ಳುವುದು ಹಿಗ್ಗದ ಉದ್ದವನ್ನು. ನೀವು ಕೊಟ್ಟ ಎಳೆತ ಎರಡೂ ತುದಿಗಳು ಅಲುಗದಿದ್ದರೆ ಮಾತ್ರ ನಿಜ. ಲೆಕ್ಕ ಓಡಿದಾಗ ಕಂಬ ಒಳಕ್ಕೆ ವಾಲುತ್ತದೆ, ಡೆಕ್ ಮೇಲೇಳುತ್ತದೆ, ಎಳೆತ ಇಳಿದುಬಿಡುತ್ತದೆ. 500 ಕೊಟ್ಟಿದ್ದೆ, 400 ತೋರಿಸುತ್ತಿದೆ, ಸಾಫ್ಟ್‌ವೇರ್ ಸರಿಯಿಲ್ಲ ಎಂಬ ದೂರುಗಳ ಮೂಲ ಬಹುಪಾಲು ಇದೇ. ಕೇಬಲನ್ನು ತಣ್ಣಗಾಗಿಸಿದಂತೆ ತಾಪಮಾನ ಇಳಿಸಿ ಬಿಗಿಸುವ ಹಳೆಯ ಉಪಾಯದಲ್ಲೂ ಇದೇ ಆಗುತ್ತದೆ. ಅದಕ್ಕಾಗಿಯೇ ಟಾರ್ಗೆಟ್ ಫೋರ್ಸ್ ಎಂಬ ಸೌಲಭ್ಯವಿದೆ. ಬೇಕಾದ ಎಳೆತ ಬರುವವರೆಗೆ ಅದು ಉದ್ದವನ್ನು ಮತ್ತೆಮತ್ತೆ ತಿದ್ದುತ್ತದೆ, ಸೈಟಿನಲ್ಲಿ ಜ್ಯಾಕ್ ಹಿಡಿದವರು ಮಾಡುವಂತೆಯೇ.

ಕೊನೆಯದು ಕೇಬಲನ್ನು ಹತ್ತಾರು ನೇರ ತುಂಡುಗಳಾಗಿ ಕತ್ತರಿಸಿ ಜೋಡಿಸುವುದು. ಕಂಪನ ನೋಡಬೇಕಾದಾಗ, ಉದ್ದಕ್ಕೂ ಹ್ಯಾಂಗರುಗಳು ಇಳಿಬಿದ್ದಾಗ ಇದೇ ಸಲೀಸು.

ಉದ್ದ, ಎಳೆತ, ಆಕಾರ ಮೂರೂ ಗೊತ್ತಿಲ್ಲದಾಗ ಏನು ಮಾಡುವುದು? ಮ್ಯೂನಿಕ್ ಒಲಿಂಪಿಕ್ಸ್‌ನ ಚಾವಣಿ ಎತ್ತಿದ ಪ್ರಶ್ನೆ ಅದು. 1972ರ ಕೂಟಕ್ಕಾಗಿ ಸುಮಾರು 75,000 ಚದರ ಮೀಟರ್ ವಿಸ್ತಾರದ ಕೇಬಲ್ ಬಲೆಯನ್ನು ಕಂಬಗಳ ಮೇಲೆ ತೂಗಿಬಿಡಬೇಕಿತ್ತು. ಆ ಚಾವಣಿಗೆ ದುಡಿದ ಫ್ರೈ ಒಟ್ಟೊ ಸಾಬೂನಿನ ಪದರಗಳಲ್ಲೂ ತಂತಿಯ ಮಾದರಿಗಳಲ್ಲೂ ಆಕಾರ ಹುಡುಕುತ್ತಿದ್ದವನು. ಆದರೆ ಮಾದರಿಯನ್ನು ಅಳೆದು ನೂರು ಪಟ್ಟು ಹಿಗ್ಗಿಸಿದರೆ ಅಳತೆಯ ತಪ್ಪೂ ನೂರು ಪಟ್ಟಾಗುತ್ತದೆ, ಕೇಬಲ್ ಕತ್ತರಿಸುವ ಉದ್ದಕ್ಕೆ ಅಷ್ಟು ತಪ್ಪು ಸಲ್ಲದು. ಸ್ಟುಟ್‌ಗಾರ್ಟಿನ ಕ್ಲೌಸ್ ಲಿಂಕ್‌ವಿಟ್ಸ್ ಮತ್ತು ಹಾನ್ಸ್-ಯೋರ್ಗ್ ಷೆಕ್ ಕಂಡುಕೊಂಡ ದಾರಿ ಜಾಣತನದ್ದು. ಪ್ರತಿ ತುಂಡಿನ ಎಳೆತವನ್ನು ಅದರ ಉದ್ದದಿಂದ ಭಾಗಿಸಿದ ಸಂಖ್ಯೆಯನ್ನು ಮೊದಲೇ ನಿಗದಿಪಡಿಸಿಬಿಟ್ಟರೆ, ಸಮತೋಲದ ಸಮೀಕರಣಗಳೆಲ್ಲ ಲೀನಿಯರ್ ಆಗಿಬಿಡುತ್ತವೆ. ಆಕಾರ ಒಂದೇ ಏಟಿಗೆ ಸಿಗುತ್ತದೆ. ಷೆಕ್ 1974ರಲ್ಲಿ ಪ್ರಕಟಿಸಿದ ಈ ಫೋರ್ಸ್ ಡೆನ್ಸಿಟಿ ವಿಧಾನ ಇಂದಿಗೂ ಟೆನ್ಸೈಲ್ ಚಾವಣಿಯ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿದೆ. ಇನ್ನೊಂದು ದಾರಿ ಅಲಿಸ್ಟೇರ್ ಡೇ 1965ರಲ್ಲಿ ಮುಂದಿಟ್ಟ ಡೈನಮಿಕ್ ರಿಲ್ಯಾಕ್ಸೇಷನ್. ನೋಡ್‌ಗಳಿಗೆ ಹುಸಿ ದ್ರವ್ಯರಾಶಿ ಕೊಟ್ಟು, ಅಲುಗಲು ಬಿಟ್ಟು, ಅಲುಗಾಟ ತಣಿದು ನಿಂತ ಜಾಗವನ್ನೇ ಉತ್ತರವೆಂದು ಒಪ್ಪುವುದು. ಸಡಿಲವಾದ ಬಲೆಗೆ ನಾನ್‌ಲೀನಿಯರ್ ಲೆಕ್ಕದ ಮಾಮೂಲಿ ನ್ಯೂಟನ್-ರಾಫ್ಸನ್ ವಿಧಾನ ಕೈಕೊಟ್ಟಾಗಲೂ ಇದು ನಿಲ್ಲುತ್ತದೆ.

ಮ್ಯೂನಿಕ್ ಚಾವಣಿಯಲ್ಲಿ ದುಡಿದ ಎಂಜಿನಿಯರುಗಳಲ್ಲಿ ಯೋರ್ಗ್ ಷ್ಲೈಶ್ ಒಬ್ಬ. ಕೋಲ್ಕತ್ತದ ಹೂಗ್ಲಿಯ ಮೇಲೆ 1992ರಲ್ಲಿ ತೆರೆದ ವಿದ್ಯಾಸಾಗರ ಸೇತುವಿನ ವಿನ್ಯಾಸದಲ್ಲೂ ಅವನ ಕೈಯಿದೆ. 457 ಮೀಟರಿನ ನಡು ಸ್ಪ್ಯಾನ್ ಇರುವ ಕೇಬಲ್-ಸ್ಟೇ ಸೇತುವೆ ಅದು. ಈ ಬಗೆಯಲ್ಲಿ ಕೇಬಲ್ ನೆಟ್ಟಗಿರುತ್ತದೆ, ಆಕಾರದ ಗೊಂದಲವಿಲ್ಲ. ಆದರೆ ಪ್ರತಿ ಕೇಬಲನ್ನು ಎಷ್ಟು ಎಳೆಯಬೇಕು ಎಂಬುದು ಎಂಜಿನಿಯರನ ಆಯ್ಕೆ. ಡೆಕ್ ಸಮತಟ್ಟಾಗಿರಬೇಕು, ಗೋಪುರ ನೆಟ್ಟಗಿರಬೇಕು ಎಂದು ಷರತ್ತು ಹಾಕಿ ಎಳೆತಗಳನ್ನು ಹಿಂದಿನಿಂದ ಬಿಡಿಸಿಕೊಳ್ಳುತ್ತಾರೆ. ಮೈಡಾಸ್‌ನಲ್ಲಿ ಇದಕ್ಕೆ ಅನ್‌ನೋನ್ ಲೋಡ್ ಫ್ಯಾಕ್ಟರ್ ಎನ್ನುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಸೇತುವೆ ಒಮ್ಮೆಲೇ ಹುಟ್ಟುವುದಿಲ್ಲ; ತುಂಡು ತುಂಡಾಗಿ ಎರಡೂ ಕಡೆ ಚಾಚುತ್ತದೆ, ಪ್ರತಿ ಹೊಸ ಕೇಬಲ್ ಹಿಂದಿನವುಗಳ ಎಳೆತವನ್ನು ಕದಡುತ್ತದೆ, ಕಾಂಕ್ರೀಟು ತಿಂಗಳುಗಟ್ಟಲೆ ಕುಗ್ಗುತ್ತದೆ. ಮುಗಿದ ಸೇತುವೆಯನ್ನು ಲೆಕ್ಕದಲ್ಲಿ ಒಂದೊಂದೇ ಹಂತ ಬಿಚ್ಚಿಕೊಂಡು ಹಿಂದಕ್ಕೆ ಹೋಗಿ, ಆಮೇಲೆ ಮತ್ತೆ ಮುಂದಕ್ಕೆ ಕಟ್ಟಿಕೊಂಡು ಬರಬೇಕು. ಬೆಂಗಳೂರಿನ ಕೆ.ಆರ್. ಪುರದ ಸೇತುವೆಯಾಗಲಿ, ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2025ರ ಜುಲೈಯಲ್ಲಿ ತೆರೆದ ಸೇತುವೆಯಾಗಲಿ, ದೂರದಿಂದ ಕಾಣುವ ಓರೆ ಗೆರೆಗಳ ಹಿಂದೆ ಇಂಥ ಹಂತಹಂತದ ಲೆಕ್ಕವಿರಲೇಬೇಕು.

ದೊಡ್ಡ ಸೇತುವೆಗಳಿಗೆ ಸಲಹೆಗಾರರ ಪಡೆಯೇ ಇರುತ್ತದೆ. ನನಗೆ ಹೆಚ್ಚು ಕುತೂಹಲ ಸಣ್ಣ ತೂಗುಸೇತುವೆಗಳ ಬಗ್ಗೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಕರಾವಳಿ, ಮಲೆನಾಡು, ನೆರೆರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಮಳೆಗಾಲದಲ್ಲಿ ಶಾಲೆಗೂ ಆಸ್ಪತ್ರೆಗೂ ದಾರಿಯಿಲ್ಲದ ಊರುಗಳಿಗೆ ಇವು ದಾರಿಯಾದವು. ಇಂಥ ಸೇತುವೆಯ ಡೆಕ್ ಹಗುರ, ಗರ್ಡರಿನ ಬಲ ಇಲ್ಲವೆನ್ನುವಷ್ಟು ಕಡಿಮೆ. ಮೆಲಾನ್ ನೆಚ್ಚಿಕೊಂಡ ಸ್ವಂತ ಭಾರದ ಆಸರೆ ಇವಕ್ಕಿಲ್ಲ. ಹೊಳೆ ದಾಟುವ ಜನ ಸೇತುವೆಯುದ್ದಕ್ಕೂ ಹಂಚಿಹೋಗಿದ್ದರೆ ಕೇಬಲ್ ಹಿಗ್ಗುತ್ತದೆ ಅಷ್ಟೆ. ಎಲ್ಲರೂ ಒಂದೇ ಅರ್ಧದಲ್ಲಿ ಗುಂಪಾದರೆ ಆ ಅರ್ಧ ತಗ್ಗಿ ಇನ್ನೊಂದು ಅರ್ಧ ಮೇಲೇಳುತ್ತದೆ. ಒಟ್ಟು ಭಾರ ಅರ್ಧದಷ್ಟಿದ್ದರೂ ಡೆಕ್ಕಿನ ಓಲಾಟಕ್ಕೆ, ಹ್ಯಾಂಗರುಗಳ ಸಡಿಲಕ್ಕೆ ಇದೇ ಕೆಟ್ಟ ಸನ್ನಿವೇಶ. ಪೂರ್ತಿ ಹೊರೆಯ ಕೇಸೊಂದನ್ನೇ ಓಡಿಸಿದ ಮಾಡೆಲ್ ಇದನ್ನು ಕಾಣುವುದೇ ಇಲ್ಲ. 2022ರಲ್ಲಿ ಉತ್ತರ ಕನ್ನಡದ ಶಿವಪುರದ ತೂಗುಸೇತುವೆಯ ಮೇಲೆ ಪ್ರವಾಸಿಗರು ಕಾರನ್ನೇ ಹತ್ತಿಸಿದ್ದರು. ಯಾವ ಎಂಜಿನಿಯರೂ ಬರೆದಿಡದ ಲೋಡ್ ಕೇಸ್ ಅದು.

ಜನ ನಡೆಯುವುದರಿಂದಲೇ ಹುಟ್ಟುವ ಅಡ್ಡ ಅಲುಗಾಟವನ್ನೂ ಹೆಚ್ಚಿನ ವಿನ್ಯಾಸಕಾರರು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ, 2000ದ ಜೂನ್ 10ರವರೆಗೆ. ಅಂದು ತೆರೆದ ಲಂಡನ್ನಿನ ಮಿಲೇನಿಯಂ ಸೇತುವೆಯ ನಡು ಸ್ಪ್ಯಾನ್ 144 ಮೀಟರ್, ಕೇಬಲ್‌ನ ಜೋಲು 2.3 ಮೀಟರ್ ಮಾತ್ರ. ಜನರ ನಡಿಗೆಗೆ ಅಡ್ಡಡ್ಡ ಓಲಾಡಿದ ಅದನ್ನು ಎರಡೇ ದಿನಕ್ಕೆ ಮುಚ್ಚಿ, ಡ್ಯಾಂಪರುಗಳನ್ನು ಜೋಡಿಸಿ, 2002ರಲ್ಲಿ ಮತ್ತೆ ತೆರೆದರು.

ಮಾಡೆಲ್‌ಗೆ ಕೊಡುವ ಅಂಕಿಗಳಲ್ಲಿ ಅತಿ ಅಲಕ್ಷ್ಯಕ್ಕೆ ಒಳಗಾದದ್ದು ಮಾಡ್ಯುಲಸ್. ಉಕ್ಕು ಎಂದು ಆರಿಸಿದರೆ ಸಾಫ್ಟ್‌ವೇರ್ 200 ಗಿಗಾಪ್ಯಾಸ್ಕಲ್ ತುಂಬಿಕೊಳ್ಳುತ್ತದೆ. ನೇರ ತಂತಿಗಳ ಕಟ್ಟಿಗೆ ಅದು ಹತ್ತಿರ. ಹೊಸೆದ ಹಗ್ಗಕ್ಕೆ ಅಲ್ಲ. ಎಳೆದಾಗ ಎಳೆಗಳು ಒಂದರೊಳಗೊಂದು ಕುಳಿತುಕೊಳ್ಳುವುದರಿಂದ, ನಾರಿನ ತಿರುಳಿದ್ದರಂತೂ, ಅದು ಅರ್ಧದವರೆಗೂ ಇಳಿಯಬಹುದು. ಹೊಸ ಹಗ್ಗದ ಈ ಮೊದಲ ಹಿಗ್ಗು ಮರಳುವುದೂ ಇಲ್ಲ, ಅದಕ್ಕೇ ಮುಂಚೆಯೇ ಎಳೆದು ಹದಮಾಡಿ ತರುತ್ತಾರೆ. ಹಗ್ಗದ ಹೊರ ವ್ಯಾಸದಿಂದ ವಿಸ್ತೀರ್ಣ ಲೆಕ್ಕ ಹಾಕಿ ನಡುವಿನ ಖಾಲಿ ಜಾಗವನ್ನೂ ಉಕ್ಕೆಂದು ಎಣಿಸುವುದು ಇನ್ನೊಂದು ಸಾಮಾನ್ಯ ಪ್ರಮಾದ. ಬಿಸಿಲೂ ಇದೆ. 100 ಮೀಟರ್ ಉಕ್ಕಿನ ಕೇಬಲ್ 30 ಡಿಗ್ರಿ ಏರಿದರೆ 36 ಮಿಲಿಮೀಟರ್ ಉದ್ದವಾಗುತ್ತದೆ. ಜೋಲು ಹೆಚ್ಚಿರುವ ತೂಗುಸೇತುವೆ ಅದನ್ನು ನುಂಗಿಕೊಳ್ಳುತ್ತದೆ, ಬಿಗಿಯಾದ ಚಪ್ಪಟೆ ಕೇಬಲ್ ಸಡಿಲಾಗಿಬಿಡುತ್ತದೆ.

ಕೇಬಲ್‌ನ ತುದಿಗಳ ಬಗ್ಗೆ ಮಾಡೆಲ್‌ಗಳು ಇನ್ನೂ ಮೌನಿಗಳು. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಲ್ಲಿ 2020ರ ಆಗಸ್ಟಿನಲ್ಲಿ ಸಹಾಯಕ ಕೇಬಲೊಂದು ತನ್ನ ಸತುವು ತುಂಬಿದ ಸಾಕೆಟ್‌ನಿಂದಲೇ ಕಳಚಿಕೊಂಡಿತು. ನವೆಂಬರಿನಲ್ಲಿ ಮುಖ್ಯ ಕೇಬಲ್ ಒಂದು ತುಂಡಾದಾಗ ಅದರ ಮೇಲಿದ್ದ ಎಳೆತ ಕನಿಷ್ಠ ಸಾಮರ್ಥ್ಯದ ಶೇ. 60ರ ಆಸುಪಾಸು ಎಂದು ಲೆಕ್ಕ ಹೇಳುತ್ತಿತ್ತು. ಡಿಸೆಂಬರ್ 1ರಂದು ಇಡೀ ವೇದಿಕೆ ಕುಸಿಯಿತು. ಪರದೆಯ ಮೇಲೆ ಸಾಕೆಟ್ ಎಂದರೆ ಒಂದು ಚುಕ್ಕೆ. ಸತುವು ದಶಕಗಟ್ಟಲೆ ನಿಧಾನವಾಗಿ ಜರುಗುತ್ತದೆ ಎಂಬುದು ಆ ಚುಕ್ಕೆಗೆ ಗೊತ್ತಿಲ್ಲ. ತುಕ್ಕಿನ ವಿಷಯವೂ ಹಾಗೆಯೇ. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಮುರಿದು 135 ಜನ ಸತ್ತರು. ಮುಖ್ಯ ಕೇಬಲ್‌ನಲ್ಲಿ ಏಳೇಳು ತಂತಿಗಳ ಏಳು ಎಳೆ, ಒಟ್ಟು 49 ತಂತಿ. ಅವುಗಳಲ್ಲಿ 22 ತುಕ್ಕು ಹಿಡಿದಿದ್ದವು, ಅವಘಡಕ್ಕೂ ಮುಂಚೆಯೇ ತುಂಡಾಗಿದ್ದಿರಬಹುದು ಎಂದು ವಿಶೇಷ ತನಿಖಾ ತಂಡ ವರದಿ ಮಾಡಿತು. ನವೀಕರಣದಲ್ಲಿ ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಕಿದ್ದನ್ನೂ, ಹಳೆಯ ಹ್ಯಾಂಗರುಗಳಿಗೆ ಹೊಸ ಸರಳು ಬೆಸೆದದ್ದನ್ನೂ ಅದು ಹೇಳಿದೆ. ಹಳೆಯ ನಕ್ಷೆ ನೋಡಿ 49 ತಂತಿಯ ವಿಸ್ತೀರ್ಣ ತುಂಬಿದರೆ ಎಂಥ ಸಾಫ್ಟ್‌ವೇರೂ ಸೇತುವೆ ಕ್ಷೇಮ ಎಂದೇ ಹೇಳುತ್ತಿತ್ತೇನೋ.

ನಿಂತಿರುವ ಕೇಬಲ್‌ನ ಎಳೆತವನ್ನು ಹೊರಗಿನಿಂದಲೇ ತಿಳಿಯುವ ಒಂದು ವಿಧಾನ ಈಗ ಚೆನ್ನಾಗಿ ರೂಢಿಯಾಗಿದೆ. ಕೇಬಲ್‌ಗೆ ಕಂಪನಮಾಪಕ ಕಟ್ಟಿ ಅದು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂದು ಅಳೆಯುವುದು. ಮೀಟರಿಗೆ 60 ಕಿಲೋ ತೂಗುವ 100 ಮೀಟರ್ ಕೇಬಲ್‌ನ ಮೊದಲ ಕಂಪನ ಸೆಕೆಂಡಿಗೆ ಒಂದು ಸಲ ಎಂದಾದರೆ ಎಳೆತ 2,400 ಕಿಲೋನ್ಯೂಟನ್. ಮಾಡೆಲ್ ಬೇರೆ ಹೇಳಿದರೆ ಮಾಡೆಲನ್ನೇ ತಿದ್ದಬೇಕು. ಉದ್ದನೆಯ ಸ್ಟೇ ಕೇಬಲ್‌ಗಳಿಗೆ ಇದು ನಂಬಿಕಸ್ತ ಪರೀಕ್ಷೆ. ಗಿಡ್ಡ ಹ್ಯಾಂಗರುಗಳಲ್ಲಿ ಮಾತ್ರ ಕೈಕೊಡುತ್ತದೆ. 5 ಮೀಟರಿನ ಹ್ಯಾಂಗರ್ ನಿಜಕ್ಕೂ ಎಲ್ಲಿಂದ ಎಲ್ಲಿಯವರೆಗೆ ಅಲುಗುತ್ತದೆ ಎಂಬುದರಲ್ಲಿ ಎರಡೂ ತುದಿ ಸೇರಿ ಅರ್ಧ ಮೀಟರಿನ ಅನುಮಾನವಿದ್ದರೆ ಎಳೆತದ ಅಂದಾಜು ಶೇ. 20ರಷ್ಟು ಆಚೀಚೆಯಾಗುತ್ತದೆ, ಅದರ ಮೇಲೆ ದಪ್ಪ ಹಗ್ಗದ ಬಾಗುಬಿಗಿತ ಬೇರೆ ಸೇರಿಕೊಳ್ಳುತ್ತದೆ. ಅಂಥ ಕಡೆ ಇಂದಿಗೂ ಹೈಡ್ರಾಲಿಕ್ ಜ್ಯಾಕ್ ತಂದು, ಆಂಕರಿನ ನಟ್ ಕೂದಲೆಳೆಯಷ್ಟು ಮೇಲೇಳುವವರೆಗೆ ಎಳೆದು, ಆ ಕ್ಷಣದ ಗೇಜ್ ಓದಿಕೊಳ್ಳುತ್ತಾರೆ.